ಘಾಟಿ ಇಳಿಯುವ ಕಾರಿಗೆ ಹೊಸ ಶಾಕ್ ಅಬ್ಸಾರ್ಬರ್

ಶಾಕ್ ಅಬ್ಸಾರ್ಬರ್ ಒಂದೇ ದಿನದಲ್ಲಿ ಕೈ ಕೊಡುವುದಿಲ್ಲ. ಬ್ಯಾಟರಿ ಸತ್ತರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ, ಗೊತ್ತಾಗುತ್ತದೆ. ಟೈರ್ ಪಂಕ್ಚರ್ ಆದರೂ ಗೊತ್ತಾಗುತ್ತದೆ. ಶಾಕ್ ಹಾಗಲ್ಲ. ಒಳಗಿನ ಎಣ್ಣೆ ಸಣ್ಣಗೆ ಜಿನುಗುತ್ತದೆ, ಗ್ಯಾಸ್ ಇಳಿಯುತ್ತದೆ, ಸೀಲ್ ಸವೆಯುತ್ತದೆ. ಎಲ್ಲ ಇಷ್ಟಿಷ್ಟೇ. ಓಡಿಸುವವರ ಕೈಯೂ ಅದಕ್ಕೆ ಅಷ್ಟಷ್ಟೇ ಹೊಂದಿಕೊಳ್ಳುತ್ತಾ ಹೋಗುತ್ತದೆ. ತಿರುವಿಗೆ ಸ್ವಲ್ಪ ಮುಂಚೆ ಬ್ರೇಕ್ ಹಿಡಿಯುತ್ತೇವೆ. ಹಂಪ್ ದಾಟಿದ ಮೇಲೆ ಕಾರು ನಿಲ್ಲಲಿ ಅಂತ ಒಂದು ಕ್ಷಣ ಕಾದು ಆಮೇಲೆ ಎಕ್ಸಲರೇಟರ್ ಒತ್ತುತ್ತೇವೆ. ಕಡೆಗೆ ಈ ಕಾರು ಇರುವುದೇ ಹೀಗೆ ಅನ್ನಿಸಿಬಿಡುತ್ತದೆ.

ನನ್ನದು ಆಡಿ ಟಿಟಿ, ಎರಡನೇ ತಲೆಮಾರಿನದು. 2006ರಿಂದ 2014ರವರೆಗೆ ತಯಾರಾದ ಮಾಡೆಲ್. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮನೆ ತೀರ್ಥಹಳ್ಳಿ ಕಡೆ, ತೋಟದ ಪಕ್ಕ. ಈ ಕಾರು ಇಲ್ಲಿಗೆ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಪ್ರಕಾರ ಇಂಥ ಕಾರಿಗೆ ಇಲ್ಲಿನ ರಸ್ತೆಗಿಂತ ಒಳ್ಳೆಯ ರಸ್ತೆ ಇಲ್ಲ. ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ ದಾಟಿ ತುಂಗೆಯ ಜೊತೆಜೊತೆಗೆ ತೀರ್ಥಹಳ್ಳಿ. ಅಲ್ಲಿಂದ ಆಗುಂಬೆ. ಆಮೇಲೆ 14 ಹೇರ್‌ಪಿನ್ ತಿರುವು ಇಳಿದರೆ ಸೋಮೇಶ್ವರ. ಕೊಪ್ಪ, ಶೃಂಗೇರಿ ಕಡೆ ಹೊರಟರೂ ನೆಟ್ಟಗಿನ ರಸ್ತೆ ಅಂತ ಹೆಚ್ಚು ಹೊತ್ತು ಸಿಗುವುದಿಲ್ಲ. ಟಿಟಿ ಮಾಡಿರುವುದೇ ತಿರುವಿಗೆ.

ಆದರೆ ತಿರುವು ಚೆನ್ನಾಗಿರಬೇಕು ಅಂದರೆ ಟೈರ್ ನೆಲದ ಮೇಲಿರಬೇಕು. ಟೈರನ್ನು ನೆಲಕ್ಕೆ ಹಿಡಿದಿಡುವ ಕೆಲಸ ಶಾಕಿನದು. ಕಾರನ್ನು ಹೊರುವುದು ಶಾಕ್ ಅಂತ ಸುಮಾರು ಜನ ತಿಳಿದಿದ್ದಾರೆ. ಹೊರುವುದು ಸ್ಪ್ರಿಂಗ್. ಗುಂಡಿ ಬಂದಾಗ ಒತ್ತಿಕೊಳ್ಳುವುದು, ಮತ್ತೆ ಚಿಮ್ಮುವುದು ಅದರದೇ ಕೆಲಸ. ಸ್ಪ್ರಿಂಗ್ ಒಂದೇ ಇದ್ದರೆ ಒಂದು ಹಂಪಿಗೆ ಕಾರು ಏಳುತ್ತಾ ಬೀಳುತ್ತಾ ಹೋಗುತ್ತಲೇ ಇರುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕ್. ಒಳಗೆ ಎಣ್ಣೆ ಇರುತ್ತದೆ. ಪಿಸ್ಟನ್ ಆ ಎಣ್ಣೆಯನ್ನು ಸಣ್ಣ ಸಣ್ಣ ತೂತುಗಳಲ್ಲಿ ದೂಡುತ್ತದೆ. ಅಡಿಕೆಗೆ ಬೋರ್ಡೋ ಹೊಡೆಯುವ ಪಂಪಿನ ಹಿಡಿ ಒತ್ತಿದವರಿಗೆ ಇದು ಕೈಯಿಂದಲೇ ಗೊತ್ತು: ನಿಧಾನಕ್ಕೆ ಒತ್ತಿದರೆ ಸಲೀಸು, ಜೋರಾಗಿ ಒತ್ತಿದರೆ ಹಿಡಿ ಎದುರು ನಿಲ್ಲುತ್ತದೆ. ಸ್ಪ್ರಿಂಗಿನ ಕುಣಿತವೆಲ್ಲ ಹೀಗೆ ಎಣ್ಣೆಯಲ್ಲಿ ಬಿಸಿಯಾಗಿ ಕರಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿಸಿದ ತಕ್ಷಣ ಶಾಕ್ ಮುಟ್ಟಿ ನೋಡಿದರೆ ಬೆಚ್ಚಗಿರುವುದು ಅದಕ್ಕೇ.

ಶಾಕ್ ಹೋಗಿದೆಯಾ ಅಂತ ನೋಡಲು ಊರಲ್ಲಿ ಒಂದು ಪರೀಕ್ಷೆ ಇದೆ. ಬಾನೆಟ್ಟಿನ ಮೂಲೆ ಒತ್ತಿ ಬಿಡುವುದು, ಎಷ್ಟು ಸಲ ಕುಣಿಯುತ್ತದೆ ಅಂತ ನೋಡುವುದು. ಪೂರ್ತಿ ಸತ್ತ ಶಾಕ್ ಆದರೆ ಇದರಲ್ಲಿ ಸಿಕ್ಕಿಬೀಳುತ್ತದೆ. ಅರ್ಧ ಸವೆದದ್ದು ಸಿಗುವುದಿಲ್ಲ. ಅದಕ್ಕಿಂತ ನಾನು ಹೆಚ್ಚು ನಂಬುವುದು ಟೈರನ್ನು. ಟೈರಿನ ಮೇಲೆ ಸುತ್ತಲೂ ಅಂಗೈ ಸವರಬೇಕು. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಹೀಗೆ ಅಲೆ ಅಲೆಯಾಗಿ ಸವೆದಿದ್ದರೆ ಆ ಚಕ್ರ ಓಡುವಾಗ ನೆಲ ಬಿಟ್ಟು ಬಿಟ್ಟು ಹಾರುತ್ತಿದೆ ಅಂತ ಅರ್ಥ. ನನ್ನ ಹಿಂದಿನ ಎರಡೂ ಟೈರ್ ಹಾಗಿದ್ದವು. ಮುಂದಿನ ಎಡಗಡೆ ಶಾಕಿನ ಮೈಮೇಲೆ ಎಣ್ಣೆ ಇಳಿದು ಕೆಮ್ಮಣ್ಣು ಅಂಟಿ, ಒಣಗಿ ಪದರ ಕಟ್ಟಿತ್ತು.

ಘಾಟಿಯಲ್ಲಿ ಇದು ಬರೀ ಸುಖದ ಪ್ರಶ್ನೆ ಅಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಹೋಗುತ್ತದೆ. ಮೂತಿ ತಗ್ಗುತ್ತದೆ, ಹಿಂಭಾಗ ಹಗುರಾಗುತ್ತದೆ. ಆಗಲೇ ಸ್ಟೀರಿಂಗ್ ತಿರುಗಿಸಬೇಕು. ಶಾಕ್ ಗಟ್ಟಿ ಇದ್ದರೆ ಈ ಭಾರ ಹದವಾಗಿ ಕದಲುತ್ತದೆ. ಇಲ್ಲದಿದ್ದರೆ ಮೂತಿ ಒಮ್ಮೆಲೇ ಕುಸಿದು, ಹಿಂದಿನ ಚಕ್ರ ತೇಲಿದ ಹಾಗಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ರಸ್ತೆಯ ಅಂಚಿನಲ್ಲಿ ಪಾಚಿ, ಮರದಡಿ ಕೊಳೆತ ಎಲೆ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಇದೆಯಲ್ಲ ಅಂತ ಧೈರ್ಯ ಮಾಡುವಂತಿಲ್ಲ. ಹಾರುತ್ತಿರುವ ಟೈರಿಗೆ ಎಬಿಎಸ್ ಆದರೂ ಏನು ಮಾಡೀತು? ಬ್ರೇಕ್ ಹಿಡಿಯಲು ನೆಲ ಸಿಗಬೇಕಲ್ವಾ?

ಹೊಸದನ್ನು ಹಾಕುವುದು ಅಂತಾದ ಮೇಲೆ ಯಾವುದು ಅನ್ನುವ ಪ್ರಶ್ನೆ. ಇದರಲ್ಲಿ ನಾನು ತುಂಬಾ ಹೊತ್ತು ಕಳೆದಿದ್ದೇನೆ. ಯಾಕೆಂದರೆ ಸ್ಪೋರ್ಟ್ಸ್ ಕಾರಿಗೆ ಹೊರಗಿನ ಕಂಪನಿಯ ಶಾಕ್ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ: ಗಟ್ಟಿ ಹಾಕಿಸು, ಕಾರು ತಗ್ಗಿಸು. ಎರಡೂ ನಮ್ಮ ರಸ್ತೆಗೆ ಹೊಂದುವ ಮಾತಲ್ಲ. ಗಟ್ಟಿ ಅಂದರೆ ಯಾವಾಗ ಗಟ್ಟಿ, ಅದನ್ನು ಮೊದಲು ಕೇಳಬೇಕು.

ಶಾಕ್ ಎರಡು ಬಗೆಯ ಚಲನೆ ನೋಡುತ್ತದೆ. ಒಂದು ನಿಧಾನದ್ದು, ಒಂದು ರಭಸದ್ದು. ಇಲ್ಲಿ ವೇಗ ಅಂದರೆ ಕಾರಿನ ವೇಗ ಅಲ್ಲ, ಒಳಗಿನ ಪಿಸ್ಟನ್ನಿನ ವೇಗ. ತಿರುವಿನಲ್ಲಿ ಕಾರು ವಾಲುವುದು, ಬ್ರೇಕಿಗೆ ಮೂತಿ ತಗ್ಗುವುದು, ಇವೆಲ್ಲ ಪಿಸ್ಟನ್ನಿಗೆ ನಿಧಾನದ ಕೆಲಸ. ಹೆದ್ದಾರಿಯ ಉದ್ದನೆಯ ತಿರುವಿನಲ್ಲಿ 100ರಲ್ಲಿ ಹೋಗುತ್ತಿದ್ದರೂ ರಸ್ತೆ ನುಣುಪಾಗಿದ್ದರೆ ಪಿಸ್ಟನ್ ನಿಧಾನವೇ. ಅದೇ 30ರಲ್ಲಿ ಹೋಗುತ್ತಾ ಡಾಂಬರು ಕಿತ್ತ ಗುಂಡಿಯ ಅಂಚಿಗೆ ಚಕ್ರ ಬಡಿದರೆ ಪಿಸ್ಟನ್ ಸರಕ್ಕನೆ ಓಡಬೇಕು. ಮಲೆನಾಡಿನ ರಸ್ತೆಯಲ್ಲಿ ಇವೆರಡೂ ಒಟ್ಟಿಗೇ ಬರುತ್ತವೆ. ಹೇರ್‌ಪಿನ್ನಿನ ನಟ್ಟನಡುವೆ, ಕಾರು ಒಂದು ಕಡೆ ವಾಲಿರುವಾಗಲೇ, ಮಳೆನೀರು ಕೊರೆದ ಗುಂಡಿ ಕಾದು ಕೂತಿರುತ್ತದೆ. ನಮಗೆ ಬೇಕಾದದ್ದು ನಿಧಾನದ ಚಲನೆಗೆ ಗಟ್ಟಿಯಾಗಿ ನಿಂತು, ರಭಸದ ಏಟು ಬಿದ್ದಾಗ ಬಿಟ್ಟುಕೊಡುವ ಶಾಕ್. ಎಲ್ಲದಕ್ಕೂ ಗಟ್ಟಿ ಇರುವುದಲ್ಲ.

ಇನ್ನೊಂದು ವಿಷಯ ಬಿಡುವಂತಿಲ್ಲ. ಸಾಮಾನ್ಯವಾಗಿ ಶಾಕ್ ಒಳಕ್ಕೆ ಹೋಗುವಾಗಿನದಕ್ಕಿಂತ ಹೊರಕ್ಕೆ ಚಾಚುವಾಗ ಜಾಸ್ತಿ ತಡೆಯುತ್ತದೆ. ಒತ್ತಿಕೊಂಡ ಸ್ಪ್ರಿಂಗ್ ಚಿಮ್ಮದಿರಲಿ ಅಂತ ಹಾಗೆ ಮಾಡಿರುತ್ತಾರೆ. ಆದರೆ ಈ ತಡೆ ಅತಿಯಾದರೆ, ಸಾಲಾಗಿ ಗುಂಡಿ ಇರುವ ಕಡೆ ಚಕ್ರ ಪೂರ್ತಿ ಕೆಳಗಿಳಿಯುವ ಮುಂಚೆಯೇ ಮುಂದಿನ ಏಟು ಬೀಳುತ್ತದೆ. ಪ್ರತಿ ಏಟಿಗೂ ಕಾರು ಸ್ವಲ್ಪ ಸ್ವಲ್ಪ ಕುಗ್ಗುತ್ತಾ ಹೋಗುತ್ತದೆ. ಕಡೆಗೆ ಬಂಪ್ ಸ್ಟಾಪ್ ಅನ್ನುವ, ಶಾಕ್ ಪೂರ್ತಿ ಒತ್ತಿಕೊಂಡಾಗ ತಡೆಯುವ ರಬ್ಬರಿನ ಮೇಲೇ ಓಡುತ್ತಿರುತ್ತದೆ. ರೇಸ್ ಟ್ರ್ಯಾಕಿಗೆ ಮಾಡಿದ ಶಾಕ್ ಹಾಕಿಕೊಂಡು ಇಲ್ಲಿ ಓಡಿಸಿದರೆ ಆಗುವುದು ಇದೇ. ತಗ್ಗಿಸುವ ಸ್ಪ್ರಿಂಗಿನ ಕಥೆಯೂ ಅಷ್ಟೇ. ಚಕ್ರಕ್ಕೆ ಮೇಲೇಳಲು ಇರುವ ಜಾಗವೇ ಕಡಿಮೆಯಾಗುತ್ತದೆ. ತಿರುವಿನ ನಡುವೆ ರಬ್ಬರಿಗೆ ತಾಗಿದ ಕ್ಷಣ ಆ ಮೂಲೆ ಒಮ್ಮೆಲೇ ಕಲ್ಲಾಗುತ್ತದೆ. ಒದ್ದೆ ರಸ್ತೆಯಲ್ಲಿ ಟೈರ್ ಜಾರುವುದಕ್ಕೆ ಅಷ್ಟು ಸಾಕು. ಊರೂರಿಗೂ ಇರುವ ಹಂಪಿಗೆ ಹೊಟ್ಟೆ ಉಜ್ಜುವುದು ಬೇರೆ.

ನಾನು ಆರಿಸಿದ್ದು ಬಿಲ್‌ಸ್ಟೈನ್ ಬಿ6. ಜರ್ಮನಿಯ ಈ ಕಂಪನಿಯಲ್ಲಿ ಬಿ4 ಅಂದರೆ ಕಾರಿನ ಜೊತೆ ಬಂದದ್ದಕ್ಕೆ ಸರಿಸಮನಾದ ಬದಲಿ. ಬಿ6 ಅಂದರೆ ಮೂಲ ಸ್ಪ್ರಿಂಗ್ ಹಾಗೇ ಇಟ್ಟುಕೊಂಡು ಹಾಕುವ, ಇನ್ನೂ ಬಿಗಿಯಾದದ್ದು. ಬಿ8 ಗಿಡ್ಡ, ತಗ್ಗಿಸಿದ ಕಾರಿಗೆ. ಬರೀ ಸುಖ ಬೇಕು ಅನ್ನುವವರಿಗೆ ಬಿ4 ಸಾಕು, ಅದರಲ್ಲಿ ಏನೂ ಕಡಿಮೆ ಇಲ್ಲ. ಹಾಲೆಂಡಿನ ಕೋನಿ ಕಂಪನಿಯವರೂ ನನ್ನ ಲೆಕ್ಕದಲ್ಲಿದ್ದರು. ಏಟಿನ ಬಗೆ ನೋಡಿಕೊಂಡು ತಾನೇ ಮೆತ್ತಗಾಗುವ ವಾಲ್ವ್ ಇರುವ ಶಾಕ್ ಅವರದ್ದು. ಅದೂ ಈ ರಸ್ತೆಗೆ ಒಳ್ಳೆಯ ಆಯ್ಕೆಯೇ.

ಬಿ6 ಕಡೆಗೆ ನನ್ನನ್ನು ಎಳೆದದ್ದು ಅದರ ಒಳಗಿನ ರಚನೆ. ಸಾಮಾನ್ಯ ಶಾಕಿನಲ್ಲಿ ಒಂದರೊಳಗೆ ಒಂದು ಎರಡು ಕೊಳವೆ ಇರುತ್ತದೆ. ಎಣ್ಣೆ, ಗ್ಯಾಸ್ ನಡುವೆ ಗೋಡೆ ಇರುವುದಿಲ್ಲ. ಕೆಟ್ಟ ರಸ್ತೆಯಲ್ಲಿ ಒಂದೇ ಸಮ ಕುಲುಕಿದರೆ ಎಣ್ಣೆಯಲ್ಲಿ ಗುಳ್ಳೆ ಸೇರಿ ನೊರೆಯಾಗುತ್ತದೆ. ನೊರೆಯನ್ನು ದೂಡುವುದಕ್ಕೆ ಬಲ ಬೇಕಾಗಿಲ್ಲ, ಹಾಗಾಗಿ ಶಾಕ್ ಸಡಿಲವಾಗುತ್ತದೆ. ಫ್ರಾನ್ಸಿನ ಕ್ರಿಶ್ಚಿಯನ್ ಬುರ್ಸಿಯೇ ದ ಕಾರ್ಬೋನ್ ಇದಕ್ಕೆ ಒಂದು ದಾರಿ ಹುಡುಕಿದರು. ಒಂದೇ ಕೊಳವೆ, ತಳದಲ್ಲಿ ಜೋರು ಒತ್ತಡದ ನೈಟ್ರೋಜನ್, ಅದಕ್ಕೂ ಎಣ್ಣೆಗೂ ನಡುವೆ ತೇಲುವ ಇನ್ನೊಂದು ಪಿಸ್ಟನ್. ಒತ್ತಡದಲ್ಲಿರುವ ಎಣ್ಣೆ ನೊರೆ ಬರುವುದಿಲ್ಲ. ಬಿಸಿಯೂ ಬೇಗ ಹೊರಗೆ ಹೋಗುತ್ತದೆ, ಯಾಕೆಂದರೆ ಎಣ್ಣೆಗೂ ಗಾಳಿಗೂ ನಡುವೆ ಇರುವುದು ಒಂದೇ ಗೋಡೆ. ಈ ವಿನ್ಯಾಸವನ್ನು ಬಿಲ್‌ಸ್ಟೈನ್‌ನವರು ತಗೊಂಡು ಬೆಳೆಸಿದರು. 1957ರಲ್ಲಿ ಮರ್ಸಿಡಿಸ್ ಕಾರುಗಳಲ್ಲಿ ಅದು ಬಂತು. ಅಷ್ಟು ಹಳೆಯ ಯೋಚನೆ ಇವತ್ತಿಗೂ ಹಾಗೇ ನಿಂತಿದೆ ಅನ್ನುವುದು ನನಗೆ ದೊಡ್ಡ ಖುಷಿ.

ಆರ್ಡರ್ ಹಾಕುವ ಮುಂಚೆ ಅಳತೆ ನೋಡಲೇಬೇಕು. ಈ ಟಿಟಿಯ ತಳಪಾಯ ಐದನೇ ತಲೆಮಾರಿನ ಗಾಲ್ಫಿನದು. ನಮ್ಮಲ್ಲಿ ಸ್ಕೋಡಾ ಲಾರಾ ಓಡಾಡುತ್ತಿತ್ತಲ್ಲ, ಅದರದ್ದೂ ಅದೇ. ಈ ಕುಟುಂಬದ ಕಾರುಗಳಲ್ಲಿ ಮುಂದಿನ ಶಾಕ್ 50 ಮಿಲಿಮೀಟರ್ ದಪ್ಪದ್ದೂ ಇದೆ, 55ರದ್ದೂ ಇದೆ. ಒಂದಕ್ಕೆ ಮಾಡಿದ್ದು ಇನ್ನೊಂದರಲ್ಲಿ ಕೂರುವುದಿಲ್ಲ. ಕೆಲವು ಟಿಟಿಗಳಲ್ಲಿ ಮ್ಯಾಗ್ನೆಟಿಕ್ ರೈಡ್ ಅನ್ನುವ, ಕರೆಂಟಿನಿಂದ ಬಿಗಿ ಬದಲಿಸುವ ಶಾಕ್ ಇರುತ್ತದೆ, ಅದಕ್ಕೆ ವಯರ್ ಇರುತ್ತದೆ, ಅದು ಬೇರೆಯೇ ಲೆಕ್ಕ. ನನ್ನದು ಸಾದಾ. ಶಾಕ್ ಜೊತೆಗೆ ಅದರ ತಲೆಯನ್ನು ಕಾರಿನ ಮೈಗೆ ಸೇರಿಸುವ ಹೊಸ ಟಾಪ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್, ಹೊಸ ಬೋಲ್ಟುಗಳನ್ನೂ ತರಿಸಿದೆ. ಇವಕ್ಕೆ ಜಿಪುಣತನ ಬೇಡ. ಇವನ್ನು ಬದಲಿಸಲು ಮತ್ತೆ ಅಷ್ಟೂ ಬಿಚ್ಚಬೇಕು.

ಕೆಲಸ ಮಾಡಿಸಿದ್ದು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ, ಮೃಗಶಿರಾ ಮಳೆ ಶುರುವಾಗುವ ಮುಂಚೆ. ಅಲ್ಲಿನ ಮೆಕ್ಯಾನಿಕ್ಕನ್ನು ನಾವೆಲ್ಲ ಭಾಯ್ ಅಂತಲೇ ಕರೆಯುವುದು. ಕಾರು ನೋಡಿ ಅವರು ಹೆದರಲಿಲ್ಲ. "ಲಾರಾ ಬೇಕಾದಷ್ಟು ಬಿಚ್ಚಿದೀನಿ ಸರ್, ಇದು ಅದರ ತಮ್ಮ" ಅಂದರು.

ಮುಂದಿನ ಶಾಕಿನ ಮೇಲ್ಗಡೆಯ ಬೋಲ್ಟುಗಳು ವೈಪರ್ ಕೆಳಗಿನ ಪ್ಲಾಸ್ಟಿಕ್ಕಿನ ಅಡಿ ಅಡಗಿರುತ್ತವೆ. ವೈಪರ್ ಕೈ ಬಿಚ್ಚಿ, ಆ ಪ್ಲಾಸ್ಟಿಕ್ ಎತ್ತಿದರೆ ಒಳಗೆ ಒಂದು ಸಣ್ಣ ಕಾಡೇ ಇತ್ತು. ಹಲಸಿನ ಎಲೆ, ಕೊಳೆತು ಕಪ್ಪಾದ ಹೂವು, ಕಡ್ಡಿ, ಮೂಲೆಯಲ್ಲಿ ಕಟ್ಟಿರುವೆ. ನೀರು ಇಳಿಯುವ ತೂತು ಮುಚ್ಚಿಕೊಂಡಿತ್ತು. ಮರದ ಕೆಳಗೆ ಕಾರು ನಿಲ್ಲಿಸುವವರು ಶಾಕ್ ಬದಲಿಸದಿದ್ದರೂ ಇಲ್ಲೊಮ್ಮೆ ನೋಡಿ. ಟಾಪ್ ಮೌಂಟ್ ತುಕ್ಕು ಹಿಡಿಯುವುದು ಈ ನೀರಿನಿಂದಲೇ.

ಕಷ್ಟದ್ದು ಕೆಳಗಿನ ಭಾಗ. ಶಾಕಿನ ಬುಡ ನಕಲ್ (knuckle) ಅನ್ನುವ, ಚಕ್ರವನ್ನು ಹಿಡಿದಿರುವ ಲೋಹದ ತುಂಡಿನ ಒಳಗೆ ಬಿಗಿಯಾಗಿ ಕೂತಿರುತ್ತದೆ. ನಕಲಿನಲ್ಲಿ ಒಂದು ಸೀಳು ಇರುತ್ತದೆ, ಅದನ್ನು ಅಗಲಿಸಿದರೆ ಮಾತ್ರ ಶಾಕ್ ಬಿಡುತ್ತದೆ. ಅಗಲಿಸಲು ಮೊಟ್ಟೆಯಾಕಾರದ ತುದಿ ಇರುವ ಒಂದು ಬಿಟ್ ಬೇಕು. ಸೀಳಿಗೆ ತೂರಿಸಿ ಕಾಲು ಸುತ್ತು ತಿರುಗಿಸುವುದು. ಭಾಯ್ ಹತ್ತಿರ ಕಂಪನಿಯ ಟೂಲ್ ಇರಲಿಲ್ಲ. ದಪ್ಪ ಅಲೆನ್ ಕೀಯ ತುದಿಯನ್ನು ಗ್ರೈಂಡರಿನಲ್ಲಿ ಎರಡು ಕಡೆ ತೆಳ್ಳಗೆ ಉಜ್ಜಿ ತಾವೇ ಮಾಡಿಕೊಂಡದ್ದು ಇತ್ತು. ಬಳಸಿ ಬಳಸಿ ಹೊಳೆಯುತ್ತಿತ್ತು. ಹಿಂದಿನ ದಿನವೇ ಎಣ್ಣೆ ಸಿಂಪಡಿಸಿ ಬಿಟ್ಟಿದ್ದರಿಂದ ಬಲಗಡೆಯದ್ದು ಸುಲಭಕ್ಕೆ ಬಂತು. ಎಡಗಡೆಯದ್ದು ತುಕ್ಕಿನಲ್ಲಿ ಸಿಕ್ಕಿಕೊಂಡು ಬಹಳ ಹೊತ್ತು ಸತಾಯಿಸಿತು. ಅಷ್ಟು ಹೊತ್ತೂ ಗ್ಯಾರೇಜಿನ ಹುಡುಗ ನಕಲನ್ನು ಕೈಯಲ್ಲಿ ಹಿಡಿದಿದ್ದ. ಅದನ್ನು ಜೋತು ಬಿಟ್ಟರೆ ಬ್ರೇಕ್ ಹೋಸ್ ಎಳೆಯುತ್ತದೆ, ಆಕ್ಸಲ್ ಜಾಯಿಂಟ್ ಕಳಚಿಕೊಳ್ಳಬಹುದು.

ಸ್ಪ್ರಿಂಗ್ ಒತ್ತುವಾಗ ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ. ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಕ್ಕೆ ಎದುರುಬದುರು ಹಾಕಿ, ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಸ್ವಲ್ಪ ಬಿಗಿಮಾಡಬೇಕು. ಜಾರಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಮಾಡಿಕೊಳ್ಳುವ ಆಸೆ ಇರುವವರಿಗೆ ನನ್ನ ಮಾತು: ಉಳಿದದ್ದೆಲ್ಲ ಮಾಡಿ, ಇದೊಂದನ್ನು ಗ್ಯಾರೇಜಿಗೆ ತಗೊಂಡು ಹೋಗಿ.

ಹೊಸ ಶಾಕಿನ ನಡುವಿನ ನಟ್ ಬಿಗಿಮಾಡುವಾಗ ಹುಡುಗ ಗಾಳಿಯ ಗನ್ ಎತ್ತಿಕೊಂಡ. ಭಾಯ್ ಅವನ ಕೈಯಿಂದ ತಗೊಂಡು ಪಕ್ಕಕ್ಕಿಟ್ಟರು. "ರಾಡ್ ತಿರುಗ್ತದೆ ಕಣೋ. ಒಳಗಿನ ಸೀಲ್ ಹಾಳಾಗ್ತದೆ." ರಾಡನ್ನು ಅಲೆನ್ ಕೀಯಲ್ಲಿ ಹಿಡಿದು, ನಟ್ಟನ್ನು ಸ್ಪ್ಯಾನರಿನಲ್ಲೇ ಬಿಗಿಮಾಡಿದರು. ನಕಲಿನ ಬೋಲ್ಟಿಗೆ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್, ಆಮೇಲೆ ಮತ್ತೆ 90 ಡಿಗ್ರಿ ತಿರುಗಿಸುವುದು. ಈ ಬೋಲ್ಟ್ ಬಿಗಿಯಾಗುವಾಗ ಸ್ವಲ್ಪ ಎಳೆದುಕೊಳ್ಳುತ್ತದೆ, ಅದಕ್ಕೇ ಹಳೆಯದನ್ನು ಮತ್ತೆ ಹಾಕಬಾರದು.

ಹಿಂದಿನದು ಸುಲಭ. ಟಿಟಿಯಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಮೇಲೆ ಎರಡು, ಕೆಳಗೆ ಒಂದು ಬೋಲ್ಟ್. ಆದರೆ ಕೆಳಗಿನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಬಿಗಿಮಾಡಬಾರದು. ಅಲ್ಲಿ ಇರುವುದು ಕಬ್ಬಿಣಕ್ಕೆ ಅಂಟಿಸಿದ ರಬ್ಬರ್ ಬುಷ್. ಅದು ಉರುಳುವುದಿಲ್ಲ, ತಿರುಚಿಕೊಳ್ಳುತ್ತದೆ. ನೇತಾಡುವಾಗ ಬಿಗಿಮಾಡಿದರೆ ಕಾರು ನೆಲಕ್ಕಿಳಿದ ಮೇಲೆ ಅದು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಭಾಯ್ ಜಾಕ್ ಇಟ್ಟು, ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಆರ್ಮನ್ನು ಕಾರು ನಿಂತಾಗಿನ ಎತ್ತರಕ್ಕೆ ಎತ್ತಿ, ಆಮೇಲೆ ಬಿಗಿಮಾಡಿದರು. ಎಲ್ಲಿ ಕೆಲಸ ಮಾಡಿಸಿದರೂ ಇದನ್ನು ಕೇಳಿ ಮಾಡಿಸಿ.

ಬಿಚ್ಚಿದ ಹಳೆಯ ಶಾಕನ್ನು ನೆಲಕ್ಕೆ ನಿಲ್ಲಿಸಿ ರಾಡ್ ಒತ್ತಿದೆ. ಮೊದಲ ಒಂದಿಷ್ಟು ಏನೂ ತಡೆಯೇ ಇಲ್ಲ. ಆಮೇಲೆ ಲೊಚಕ್ ಅಂತ ಒಂದು ಸದ್ದು. ಕೈ ಬಿಟ್ಟರೆ ಒತ್ತಿದಲ್ಲೇ ನಿಂತಿತು. ಗ್ಯಾಸ್ ಇರುವ ಶಾಕ್ ತಾನಾಗಿ ಮೇಲೆ ಬರಬೇಕು. ಧೂಳಿನ ಬೂಟ್ ಹರಿದು, ರಾಡಿನ ಮೇಲೆ ಸಣ್ಣ ಸಣ್ಣ ತುಕ್ಕಿನ ಚುಕ್ಕೆ. ಸೀಲನ್ನು ಕೆರೆದದ್ದು ಆ ಚುಕ್ಕೆಗಳೇ. ಇಷ್ಟಕ್ಕೆಲ್ಲ ಶುರು ಒಂದು ಹರಿದ ಬೂಟಿನಿಂದ.

ವೀಲ್ ಅಲೈನ್‌ಮೆಂಟ್ ಮಾಡಿಸಿ ಊರಿಗೆ ಹೊರಟೆ. ಶಿವಮೊಗ್ಗದ ಒಳಗೆ ನಿಧಾನಕ್ಕೆ ಹೋಗುವಾಗ ಬಿಗಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸಣ್ಣ ಸಣ್ಣ ಒರಟು ಸೀಟಿಗೆ ಬರುತ್ತದೆ. ವೇಗ ಹೆಚ್ಚಿದ ಹಾಗೆ ಅದು ಹೋಗುತ್ತದೆ. ಮಂಡಗದ್ದೆ ದಾಟಿದ ಮೇಲಿನ ತಿರುವುಗಳಲ್ಲಿ ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ಬರುತ್ತದೆ, ಮಧ್ಯೆ ತಡ ಅನ್ನುವುದಿಲ್ಲ. ಆಗುಂಬೆ ಘಾಟಿ ಇಳಿಯುವಾಗ ಅಪ್ಪಯ್ಯ ಪಕ್ಕದಲ್ಲಿದ್ದರು. ಅವರಿಗೆ ಸೊಂಟನೋವು. ಬಿಗಿಯಾದ ಶಾಕ್ ಅಂದಾಗಿನಿಂದ ನನಗಿದ್ದ ಆತಂಕ ಅದೊಂದೇ. ಸೋಮೇಶ್ವರ ಮುಟ್ಟಿದ ಮೇಲೆ ಕೇಳಿದೆ.

"ಹೆಂಗಿತ್ತು ಅಪ್ಪಯ್ಯ?"

"ಗುಂಡಿಗೆ ಬಿದ್ದದ್ದು ಗೊತ್ತಾಗ್ತದೆ. ಆದ್ರೆ ಅಲ್ಲಿಗೇ ಮುಗೀತದೆ. ಮೊದಲು ಬಿದ್ದಮೇಲೂ ಮುಗೀತಿರಲಿಲ್ಲ."

ಬಿಗಿ ಅಂದರೆ ಸೊಂಟಕ್ಕೆ ಕಷ್ಟ ಅನ್ನುವವರಿಗೆ ನಾನು ಈ ಮಾತನ್ನೇ ಹೇಳುತ್ತಿದ್ದೇನೆ. ಮೈ ದಣಿಯುವುದು ಒಂದು ಏಟಿಗಲ್ಲ, ಅದರ ಹಿಂದೆ ಬರುವ ಓಲಾಟಕ್ಕೆ.

ಹಳೆಯ ಶಾಕ್‌ಗಳನ್ನು ಗುಜರಿಗೆ ಹಾಕುವವರು ಗ್ಯಾಸ್ ಇರುವುದನ್ನು ಹೇಳಿಯೇ ಕೊಡಿ. ಕತ್ತರಿಸಲು, ಬೆಂಕಿಗೆ ಹಾಕಲು ಬಿಡಬೇಡಿ, ಸಿಡಿಯುತ್ತದೆ.

ಈಗ ಒಂದು ಹೊಸ ಸದ್ದು ಶುರುವಾಗಿದೆ. ಮುಂದೆ ಎಡಗಡೆ, ಹಂಪ್ ಇಳಿಯುವಾಗ ಟಕ್ ಅಂತ. ಕೆಳಗಿನ ಆರ್ಮಿನ ಬುಷ್ ಇರಬೇಕು ಅನ್ನುತ್ತಾರೆ ಭಾಯ್. ಹಳೆಯ ಶಾಕ್ ಅಲ್ಲಾಡುತ್ತಿದ್ದಾಗ ಆ ಬುಷ್ಷಿನ ಸವೆತ ಮರೆಯಾಗಿತ್ತು, ಶಾಕ್ ಬಿಗಿಯಾದ ಮೇಲೆ ಎದ್ದು ಕಾಣುತ್ತಿದೆ. ಎರಡೂ ಕಡೆಯದ್ದಕ್ಕೆ ಆರ್ಡರ್ ಹಾಕಿದ್ದೇನೆ. ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು, ಮತ್ತೆ ಅಲೈನ್‌ಮೆಂಟ್ ಮಾಡಿಸಬೇಕು. ಬುಷ್ ಬಂದ ವಾರವೇ ಕಾರು ಮತ್ತೆ ಶಿವಮೊಗ್ಗಕ್ಕೆ.